ಹಳೆಯ ಮೋಟರ್‌ಹೋಮ್ ಕೊಳ್ಳುವ ಮುನ್ನ: ಇಂಜಿನ್ ಆಮೇಲೆ, ಮೊದಲು ಮಾಳಿಗೆ

ಪ್ರಶ್ನೆ: ನಾವು ಗದಗ ಕಡೆಯವರು, ಹದಿನೆಂಟು ವರ್ಷದಿಂದ ಚಿಂಚ್‌ವಡದಲ್ಲಿದ್ದೇವೆ. ಮುಂದಿನ ತಿಂಗಳು, ಅಂದರೆ 2026ರ ಮಾರ್ಚ್‌ನಲ್ಲಿ, ನನಗೆ ನಿವೃತ್ತಿ. ಗೋವಾದ ಮಾಪುಸಾ ಹತ್ತಿರ ಒಬ್ಬರು ಏಳು ವರ್ಷ ಹಳೆಯ ಮೋಟರ್‌ಹೋಮ್ ಮಾರುತ್ತಿದ್ದಾರೆ. ಫೋರ್ಸ್ ಟ್ರಾವೆಲರ್ ವ್ಯಾನಿನ ಮೇಲೆ ಕಟ್ಟಿದ್ದು, ನಂಬರ್ ಪುಣೆಯದು, ಒಂದೂವರೆ ವರ್ಷದಿಂದ ಗೋವಾದಲ್ಲಿದೆ. 62 ಸಾವಿರ ಕಿ.ಮೀ. ಓಡಿದೆ, ಒಬ್ಬರೇ ಮಾಲೀಕರು, ಆಕ್ಸಿಡೆಂಟ್ ಇಲ್ಲ, ಒಳಗೆಲ್ಲ ಈಗಷ್ಟೇ ಹೊಸ ವಿನೈಲ್ ಹಾಕಿಸಿದ್ದೇವೆ ಎನ್ನುತ್ತಾರೆ. 25 ಸಾವಿರ ಟೋಕನ್ ಕೇಳುತ್ತಿದ್ದಾರೆ. ಕಾರು ಕೊಂಡ ಅನುಭವವಿದೆ, ಇಂಥದ್ದು ಇದೇ ಮೊದಲು. ಒಬ್ಬ ಒಳ್ಳೆಯ ಮೆಕ್ಯಾನಿಕ್‌ನನ್ನು ಕರೆದುಕೊಂಡು ಹೋದರೆ ಸಾಕೆ?

ಉತ್ತರ: ಮೆಕ್ಯಾನಿಕ್ ಬರಲಿ. ಆದರೆ ಗಾಡಿಯಲ್ಲಿ ಇಬ್ಬರಿಗೇ ಜಾಗವಿದೆ ಅಂದರೆ ನಾನಾಗಿದ್ದರೆ ಮೆಕ್ಯಾನಿಕ್‌ನನ್ನು ಬಿಟ್ಟು ಬಡಗಿಯನ್ನು ಕೂರಿಸಿಕೊಂಡು ಹೋಗುತ್ತಿದ್ದೆ. ಟ್ರಾವೆಲರ್ ಇಂಜಿನ್ ಕೆಟ್ಟರೆ ರಿಪೇರಿ ಮಾಡುವವರು ಊರೂರಿಗೂ ಇದ್ದಾರೆ. ಆ ಕಂಪನಿಯ ಮುಖ್ಯ ಕಚೇರಿಯೇ ನಿಮ್ಮ ಮಗ್ಗುಲಿನ ಆಕುರ್ಡಿಯಲ್ಲಿದೆ, ಬಿಡಿಭಾಗಕ್ಕೆ ನೀವು ಪರದಾಡುವುದಿಲ್ಲ. ಆದರೆ ಮೇಲೆ ಕಟ್ಟಿದ ಆ ಪುಟ್ಟ ಮನೆಯ ಗೋಡೆ ಒಳಗಿಂದ ಕೊಳೆತಿದ್ದರೆ ಅದನ್ನು ಬಿಚ್ಚಿ ಮತ್ತೆ ಕಟ್ಟಬೇಕು, ಬೇರೆ ದಾರಿಯಿಲ್ಲ. ಭೋಸರಿಯಲ್ಲಿ ಬಸ್ಸು, ವ್ಯಾನುಗಳ ಬಾಡಿ ಕಟ್ಟುವ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ಕಳೆದವನು ನಾನು. ಇಂಜಿನ್ನಿನಿಂದ ಮೂಲೆಗೆ ಬಿದ್ದ ಮೋಟರ್‌ಹೋಮ್ ಒಂದೆರಡು ನೋಡಿರಬಹುದು, ನೀರಿನಿಂದ ಹಾಳಾದವನ್ನು ಎಣಿಸುವುದನ್ನೇ ಬಿಟ್ಟಿದ್ದೇನೆ.

ಹಾಗಾಗಿ ನಿಮ್ಮ ಪತ್ರದಲ್ಲಿ ನನಗೆ ಮೊದಲು ಚುಚ್ಚಿದ್ದು ‘ಹೊಸ ವಿನೈಲ್’ ಎಂಬ ಮಾತು. ಮಾರುವ ಗಾಡಿಯ ಗೋಡೆಗೆ ಹೊಸ ಬಟ್ಟೆ ತೊಡಿಸುವವರು ಎರಡು ಥರ. ಚೆಂದ ಕಾಣಲಿ ಅಂತ ಹಾಕಿಸುವವರು ಒಂದು, ಕಲೆ ಮುಚ್ಚಲಿ ಅಂತ ಹಾಕಿಸುವವರು ಇನ್ನೊಂದು. ನಿಮ್ಮವರು ಯಾವ ಥರವೋ ಹೋಗಿ ನೋಡಿದರೇ ಗೊತ್ತಾಗಬೇಕು. ಮೇಲೆಲ್ಲ ಥಳುಕು, ಒಳಗೆಲ್ಲ ಹುಳುಕು ಎಂದು ಮೊದಲೇ ತೀರ್ಪು ಕೊಡುವುದು ಬೇಡ.

ನೀರು ಯಾಕೆ ಇಷ್ಟು ದೊಡ್ಡ ಪೀಡೆ ಎಂಬುದು ತಿಳಿದರೆ ಎಲ್ಲಿ ಹುಡುಕಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಈ ಗಾಡಿಗಳ ಗೋಡೆ ಒಂದು ಸ್ಯಾಂಡ್‌ವಿಚ್: ಹೊರಗೆ ಫೈಬರ್ ಅಥವಾ ಅಲ್ಯೂಮಿನಿಯಂ ಹಾಳೆ, ನಡುವೆ ಫೋಮು ಮತ್ತು ಚೌಕಟ್ಟು, ಒಳಗೆ ಪ್ಲೈವುಡ್. ಆರು ಮೀಟರ್ ಉದ್ದದ ಅಲ್ಯೂಮಿನಿಯಂ ಪಟ್ಟಿ ಬೆಳಗಿನ ತಂಪಿನಿಂದ ಮಧ್ಯಾಹ್ನದ ಬಿಸಿಲಿಗೆ 40 ಡಿಗ್ರಿ ಏರಿದರೆ 5 ಮಿಲಿಮೀಟರ್‌ಗಿಂತ ಹೆಚ್ಚು ಹಿಗ್ಗುತ್ತದೆ. ಅದರ ಕೆಳಗಿರುವ ಪ್ಲೈ ಅಷ್ಟು ಅಲುಗುವುದಿಲ್ಲ. ನಡುವೆ ಸಿಕ್ಕಿಕೊಂಡದ್ದು ಸಂದು ಮುಚ್ಚುವ ಅಂಟು, ಅಂದರೆ ಸೀಲಂಟ್. ದಿನಕ್ಕೊಮ್ಮೆ ಎಳೆಸಿಕೊಂಡು ಒಮ್ಮೆ ಸಡಿಲವಾಗಿ, ಅದರ ಮೇಲೆ ಘಟ್ಟದ ರಸ್ತೆಯಲ್ಲಿ ಬಾಡಿ ತಿರುಚಿಕೊಂಡು, ನಾಲ್ಕೈದು ವರ್ಷಕ್ಕೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಗೋವಾದ ಜೂನ್‌ಗೆ ಅಷ್ಟು ಸಂದು ಸಾಕು.

ಗದಗದವರಾದ ನಿಮಗೆ ಮಣ್ಣಿನ ಮಾಳಿಗೆಯ ಮನೆ ಹೊಸದಲ್ಲ. ತೊಟ್ಟಿಕ್ಕುವುದು ಅಡುಗೆಮನೆಯಲ್ಲಿ, ತೂತು ಇರುವುದು ಪಡಸಾಲೆಯ ಮೇಲೆ. ಇಲ್ಲೂ ಅದೇ ಕತೆ. ಮೇಲೆ ಎಸಿಯ ಪಕ್ಕದಲ್ಲಿ ಇಳಿದ ನೀರು ಚೌಕಟ್ಟಿನ ಗುಂಟ ಹರಿದು ಹಿಂದಿನ ಮಂಚದ ಮೂಲೆಯಲ್ಲಿ ಹೊರಬರುತ್ತದೆ. ಕಲೆ ಕಂಡ ಕಡೆ ತೂತು ಹುಡುಕಬೇಡಿ, ಆದರೆ ಕಲೆ ಕಂಡರೆ ತೂತು ಇದ್ದೇ ಇದೆ.

ನನ್ನದೇ ಒಂದು ಪೆಟ್ಟು ಹೇಳುತ್ತೇನೆ. ನನ್ನ ಷಡ್ಡಕ ಒಂದು ಹಳೆಯ ಕ್ಯಾಂಪರ್ ವ್ಯಾನ್ ಕೊಳ್ಳುವಾಗ ನೋಡಿಕೊಟ್ಟವನು ನಾನು. ಏಪ್ರಿಲ್ ತಿಂಗಳು. ಎಲ್ಲ ಬಡಿದೆ, ಎಲ್ಲ ಮೂಸಿದೆ, ಒಣಗಿ ಗಟ್ಟಿಯಾಗಿತ್ತು. ‘ತಗೋ ಮಾರಾಯಾ’ ಅಂದೆ. ಜೂನ್ ಕೊನೆಗೆ ಅವರು ಮಳೆ ಸುರಿಯುವ ಅಂಬೋಲಿ ಘಟ್ಟಕ್ಕೆ ಹೋದರು. ರಾತ್ರಿ ಎರಡಕ್ಕೆ ಫೋನು: ‘ಸಾಹೇಬ್ರ, ನಿಮ್ಮ ಗಾಡ್ಯಾಗ ಛತ್ರಿ ಹಿಡಕೊಂಡು ಕುಂತೀವಿ.’ ವಾಪಸು ತಂದು ಹಿಂದಿನ ಮೂಲೆಯ ಒಳಹಲಗೆ ಬಿಚ್ಚಿದೆವು. ಪ್ಲೈಗೆ ಬೆರಳು ಒತ್ತಿದರೆ ಹಾಲಲ್ಲಿ ಅದ್ದಿದ ರಸ್ಕಿನಂತೆ ಒಳಗೆ ಹೋಯಿತು. ಪದರಗಳ ನಡುವೆ ಕಪ್ಪು ಬೂಷ್ಟು, ಸ್ಕ್ರೂಗಳ ಕುತ್ತಿಗೆ ತುಕ್ಕು ತಿಂದು ಸೂಜಿಯಷ್ಟಾಗಿತ್ತು. ಎರಡು ಮಳೆಗಾಲದ ಹಳೆಯ ಕೊಳೆ ಅದು. ಬೇಸಿಗೆಯಲ್ಲಿ ಒಣಗಿ, ಗಟ್ಟಿಯಾದಂತೆ ನಟಿಸಿ, ನನ್ನನ್ನು ಮೋಸ ಮಾಡಿತ್ತು. ನೀವೂ ಈಗ ಫೆಬ್ರವರಿಯಲ್ಲಿ ಹೋಗುತ್ತಿದ್ದೀರಿ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಹೋಗುವ ದಿನ ಬೆಳಗ್ಗೆ ಬೇಗ ಹೋಗಿ. ಬಾಗಿಲು ಮುಚ್ಚಿಟ್ಟಿರಲಿ, ನೀವು ಬಂದ ಮೇಲೇ ತೆಗೆಯಲಿ ಎಂದು ಮೊದಲೇ ಹೇಳಿಡಿ. ಒಳಗೆ ಕಾಲಿಟ್ಟ ಮೊದಲ ಉಸಿರು ಸುಳ್ಳು ಹೇಳುವುದಿಲ್ಲ, ಎರಡು ನಿಮಿಷದಲ್ಲಿ ಮೂಗು ಒಗ್ಗಿಹೋಗುತ್ತದೆ. ಹಳೆಯ ಗೋಣಿಚೀಲದ ವಾಸನೆ ಬಂದರೆ ಅದು ಬೂಷ್ಟು. ಊದುಬತ್ತಿ, ನುಸಿಗುಳಿಗೆ, ಕಾರಿನ ಸುಗಂಧ ಮೂರೂ ಒಟ್ಟಿಗೆ ಬಂದರೆ ಇನ್ನೂ ಕೆಟ್ಟದ್ದು, ಏನನ್ನೋ ಅಡಗಿಸುವ ಕೆಲಸ ನಡೆದಿದೆ. ಆಮೇಲೆ ನೇರ ಮೇಲಿನ ಕಪಾಟುಗಳಿಗೆ ಹೋಗಿ. ವಿನೈಲ್ ಹಾಕುವವನು ಕಣ್ಣಿಗೆ ಕಾಣುವ ಗೋಡೆಗೆ ಹಾಕುತ್ತಾನೆ, ಕಪಾಟಿನ ಒಳಗಿನ ಹಿಂಬದಿಗೆ ಹಾಕುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಅಲ್ಲಿ ಟಾರ್ಚ್ ಬಿಟ್ಟು ಮೂಲೆ ನೋಡಿ. ಚಹಾ ಚೆಲ್ಲಿ ಒಣಗಿದಂತೆ ಅಂಚು ಗಾಢವಾದ ಉಂಗುರ, ಸ್ಕ್ರೂ ತಲೆಯಿಂದ ಕೆಳಗಿಳಿದ ಕಂದು ಗೆರೆ ಕಂಡರೆ ಸೋರಿದೆ ಎಂದರ್ಥ. ಮಂಚದ ಕೆಳಗೆ ಹಾಸಿಗೆಯುದ್ದಕ್ಕೂ ತೆಳುವಾಗಿ ಹರಡಿದ ಬೂಷ್ಟು ಬೇರೆ. ಅದು ಎಸಿ ಹಾಕಿ ಮಲಗಿದವರ ಉಸಿರಿನ ತೇವ, ಕರಾವಳಿಯ ಸೆಕೆಯಲ್ಲಿ ಸಾಮಾನ್ಯ. ಒರೆಸಿ ಗಾಳಿ ಬಿಟ್ಟರೆ ಹೋಗುತ್ತದೆ, ಅದಕ್ಕೆ ಹೆದರಬೇಕಿಲ್ಲ.

ವಿನೈಲ್ ಮೇಲೆ ಹೆಬ್ಬೆರಳಿಂದ ಅಡಿಗಡಿಗೆ ಒತ್ತುತ್ತಾ ಹೋಗಿ, ಕಿಟಕಿಯ ಕೆಳಗಿನ ಎರಡು ಮೂಲೆ, ಚಾಲಕನ ತಲೆಯ ಮೇಲಿನ ಮಂಚದ ಮುಂಗೋಡೆ, ಚಕ್ರದ ಮೇಲಿನ ಭಾಗ. ಒತ್ತಿದ್ದು ಮೆತ್ತಗಾದರೆ, ಕೀಲು ಸಡಿಲಾದಂತೆ ಚಟ್ ಎಂದು ಸದ್ದು ಬಂದರೆ ನಿಲ್ಲಿ. ಬೆರಳ ಗಂಟಿನಿಂದ ಬಡಿದು ಕೇಳಿ. ತೆಂಗಿನಕಾಯಿ ಆರಿಸುವ ಕೈ ಇದ್ದರೆ ಸಾಕು, ಗಟ್ಟಿ ಗೋಡೆಗೂ ಪೊಳ್ಳು ಗೋಡೆಗೂ ಸದ್ದಿನ ವ್ಯತ್ಯಾಸ ತಿಳಿಯುತ್ತದೆ. ಹೊರಗಿನಿಂದ, ಇಳಿಬಿಸಿಲಿನಲ್ಲಿ ಗೋಡೆಗೆ ಕೆನ್ನೆ ತಾಗಿಸಿದಂತೆ ನಿಂತು ಉದ್ದಕ್ಕೆ ನೋಡಿ. ಫೈಬರ್ ಹಾಳೆ ಒಳಗಿನ ಫೋಮಿನಿಂದ ಬಿಟ್ಟುಕೊಂಡಿದ್ದರೆ ಹಪ್ಪಳದಂತೆ ಉಬ್ಬು ಕಾಣುತ್ತದೆ, ಎದುರು ನಿಂತು ನೋಡಿದರೆ ಕಾಣುವುದಿಲ್ಲ.

ತೇವ ಅಳೆಯುವ ಎರಡು ಸೂಜಿಯ ಮೀಟರ್ ಎರಡು-ಮೂರು ಸಾವಿರದೊಳಗೆ ಸಿಗುತ್ತದೆ, ತಗೊಳ್ಳಿ. ಆದರೆ ಅದರ ಅಂಕಿಯನ್ನು ವೇದವಾಕ್ಯ ಮಾಡಿಕೊಳ್ಳಬೇಡಿ. ಸಾಮಾನ್ಯವಾಗಿ 15 ಪ್ರತಿಶತದೊಳಗೆ ಒಣ, 20 ದಾಟಿದರೆ ಅನುಮಾನ, 25ರ ಮೇಲೆ ಮರ ಕೊಳೆಯುವ ಹಾದಿಯಲ್ಲಿದೆ. ಸಮುದ್ರದ ಗಾಳಿಯಲ್ಲಿ ನಿಂತ ಒಳ್ಳೆಯ ಪ್ಲೈ ಕೂಡ 16-17 ತೋರಿಸುವುದುಂಟು. ಅದಕ್ಕೆ ಮೊದಲು ಗಾಡಿಯ ನಡುವಿನ, ಹೊರಗೋಡೆಗೆ ತಾಗದ ಒಂದು ಹಲಗೆಯಲ್ಲಿ ಅಳೆದು ಬರೆದುಕೊಳ್ಳಿ. ಮೂಲೆಗಳ ಅಂಕಿಯನ್ನು ಅದರ ಜತೆ ಹೋಲಿಸಿ. ಸೂಜಿಯನ್ನು ಬರಿಯ ಪ್ಲೈ ಕಾಣುವ ಕಡೆಯೇ ಚುಚ್ಚಿ, ಹೊಸ ವಿನೈಲಿಗೆ ಚುಚ್ಚಿ ಮಾಲೀಕರ ಜತೆ ಜಗಳ ತಂದುಕೊಳ್ಳಬೇಡಿ.

ಇನ್ನು ಮಾಳಿಗೆ. ಏಣಿ ಇಟ್ಟು ಪಕ್ಕದಿಂದ ನೋಡಿ, ಮೇಲೆ ನಡೆದಾಡಬೇಡಿ. ಎಸಿ, ಗಾಳಿಕಿಂಡಿ, ಸೋಲಾರ್ ಹಲಗೆಯ ಕಾಲು, ನೆರಳಿನ ಪರದೆಯ ಬೋಲ್ಟು, ಹೀಗೆ ಮಾಳಿಗೆಗೆ ಕೊರೆದ ಪ್ರತಿ ತೂತೂ ಮುಂದೊಂದು ದಿನ ಸೋರುವ ತೂತು. ಎಸಿಯ ಸುತ್ತ ಮಣ್ಣಿನ ಒಣ ಉಂಗುರಗಳಿದ್ದರೆ ಅಲ್ಲಿ ಮಾಳಿಗೆ ತಗ್ಗಾಗಿ ನೀರು ನಿಲ್ಲುತ್ತಿದೆ. ಸೀಲಂಟ್ ಉಗುರಿಗೆ ರಬ್ಬರಿನಂತೆ ಬಾಗಬೇಕು, ಪುಡಿಯಾದರೆ ಆಯಸ್ಸು ಮುಗಿದಿದೆ. ಬಾತ್‌ರೂಮಿಗೆ ಹಾಕುವ ಸಿಲಿಕೋನನ್ನು ಮೇಲೆ ಮೇಲೆ ಮೆತ್ತಿದ್ದರೆ, ಯಾರೋ ಸೋರಿಕೆಗೆ ಗಾಬರಿಬಿದ್ದು ಹಾಕಿದ್ದು. ಅದರ ಮೇಲೆ ಮುಂದೆ ಯಾವ ಒಳ್ಳೆಯ ಸೀಲಂಟೂ ಕಚ್ಚುವುದಿಲ್ಲ, ಕೆರೆದು ತೆಗೆದೇ ಹೊಸದು ಹಾಕಬೇಕು. ಮುಂದಿನ ಮೇಲ್ಮೂಲೆಗಳಲ್ಲಿ ಪುಟ್ಟಿ ಬಳಿದ ಗುರುತು ಹುಡುಕಿ. ಮೂರು ಮೀಟರ್ ಎತ್ತರದ ಗಾಡಿಯನ್ನು ಮಾವಿನ ಕೊಂಬೆಗೋ ಪಾರ್ಕಿಂಗಿನ ಎತ್ತರದ ಪಟ್ಟಿಗೋ ತಾಗಿಸದ ಮಾಲೀಕ ಅಪರೂಪ. ತಾಗಿದ್ದನ್ನು ‘ಆಕ್ಸಿಡೆಂಟ್’ ಎಂದು ಯಾರೂ ಲೆಕ್ಕ ಹಿಡಿಯುವುದಿಲ್ಲ.

ಮಳೆ ಇಲ್ಲವಲ್ಲ, ನಾವೇ ಸುರಿಸೋಣ. ತೋಟಕ್ಕೆ ನೀರು ಬಿಡುವ ಸಾದಾ ಪೈಪು ಸಾಕು. ವಾಷಿಂಗ್ ಸೆಂಟರಿನ ಜೋರು ಒತ್ತಡದ ನೀರು ಒಳ್ಳೆಯ ಸೀಲನ್ನೂ ಎಬ್ಬಿಸುತ್ತದೆ, ಅದು ಬೇಡ. ಕೆಳಗಿನಿಂದ ಶುರು ಮಾಡಿ: ಮೊದಲು ಕಿಟಕಿಯ ಕೆಳಗೆ, ಆಮೇಲೆ ಕಿಟಕಿ, ಆಮೇಲೆ ಗೋಡೆ-ಮಾಳಿಗೆ ಕೂಡುವ ಅಂಚು, ಕೊನೆಗೆ ಮಾಳಿಗೆ, ಒಂದೊಂದಕ್ಕೂ ಹತ್ತು ನಿಮಿಷ. ಮೇಲಿನಿಂದ ಸುರಿದರೆ ಎಲ್ಲ ಒಟ್ಟಿಗೆ ತೊಯ್ದು ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ. ಒಳಗೆ ನಿಮ್ಮವರು ಟಾರ್ಚ್ ಮತ್ತು ಟಿಶ್ಯೂ ಹಿಡಿದು ಮೂಲೆ ಒತ್ತುತ್ತಾ ಇರಲಿ. ಮುಗಿದ ಮೇಲೆ ಒಂದು ಗಂಟೆ ಬಿಟ್ಟು ಚಹಾ ಕುಡಿದು ಬನ್ನಿ. ಆಮೇಲೆ ಗಾಡಿಯನ್ನು ಸ್ವಲ್ಪ ಓಡಿಸಿ ಖಾಲಿ ರಸ್ತೆಯಲ್ಲಿ ಒಮ್ಮೆ ಜೋರಾಗಿ ಬ್ರೇಕ್ ಒತ್ತಿ. ಒಳಮಾಳಿಗೆಯಲ್ಲಿ ಎಲ್ಲಾದರೂ ನೀರು ಕೂತಿದ್ದರೆ ಮುಂದಕ್ಕೆ ನುಗ್ಗಿ ನಿಮ್ಮ ತಲೆಯ ಮೇಲೇ ಬೀಳುತ್ತದೆ. ಷಡ್ಡಕನ ಗಾಡಿಯ ನಂತರ ಇದನ್ನು ನಾನು ಒಮ್ಮೆಯೂ ತಪ್ಪಿಸಿಲ್ಲ. ಮಾರುವವರು ಪೈಪಿಗೆ ಒಪ್ಪದಿದ್ದರೆ ಅದೂ ಒಂದು ಉತ್ತರವೇ.

ನೆಲದ ಮೇಲೆ ಚಪ್ಪಲಿ ಬಿಟ್ಟು ಹಿಮ್ಮಡಿ ಊರಿ ನಡೆಯಿರಿ. ಸ್ನಾನದ ಜಾಗ, ಸಿಂಕಿನ ಕೆಳಗೆ, ಬಾಗಿಲ ಹೊಸ್ತಿಲು ಈ ಮೂರು ಕಡೆ ತಗ್ಗಿದರೆ ಕೆಳಗಿನ ಪ್ಲೈ ಹೋಗಿದೆ. ನೀರಿನ ಟ್ಯಾಂಕ್ ತುಂಬಿಸಿ, ಪಂಪ್ ಹಾಕಿ, ಎಲ್ಲ ನಲ್ಲಿ ಮುಚ್ಚಿ ಸುಮ್ಮನೆ ಕೂತು ಕೇಳಿ. ಯಾರೂ ನೀರು ಬಳಸದಿದ್ದರೂ ಪಂಪು ಆಗಾಗ ಗುರ್ ಎಂದರೆ ಎಲ್ಲೋ ಕೊಳವೆ ಜಿನುಗುತ್ತಿದೆ. ಒದ್ದೆ ಪ್ಲೈ ಇದ್ದಲ್ಲಿ ಗೆದ್ದಲೂ ಬರುತ್ತದೆ, ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಇಲಿಯೂ. ವೈರಿನ ಮೇಲೆ ಹಲ್ಲಿನ ಗುರುತು ನೋಡಿ.

ಈಗ ನಿಮ್ಮ ಪತ್ರದ ಇನ್ನೊಂದು ಮಾತು. ಪುಣೆಯ ಗಾಡಿ, ‘ಒಂದೂವರೆ ವರ್ಷದಿಂದ’ ಗೋವಾದಲ್ಲಿದೆ. ಹಿಂದಕ್ಕೆ ಎಣಿಸಿದರೆ 2024ರ ಆಗಸ್ಟ್ ಆಸುಪಾಸು. ಆ ವರ್ಷದ ಜುಲೈ 25ರಂದು ಭಾರೀ ಮಳೆಯ ಜತೆಗೆ ಖಡಕ್‌ವಾಸಲಾ ಅಣೆಕಟ್ಟಿನಿಂದ ನೀರು ಬಿಟ್ಟು ಸಿಂಹಗಡ ರಸ್ತೆಯ ಏಕತಾ ನಗರಿ ಮುಳುಗಿದ್ದು ನಿಮಗೆ ನೆನಪಿರಬೇಕು. ಅದಕ್ಕೂ ಮುಂಚೆ 2019ರ ಸೆಪ್ಟೆಂಬರ್ 25ರ ರಾತ್ರಿ ಅಂಬಿಲ್ ಓಢಾ ಎಂಬ ಹಳ್ಳ ಉಕ್ಕಿ ಕಾತ್ರಜ್‌ನಿಂದ ಕೆಳಗೆ ವಾಹನಗಳು ಕೊಚ್ಚಿಹೋಗಿದ್ದವು. ಇದು ಕಾಕತಾಳೀಯ ಇರಬಹುದು, ಬಹುಶಃ ಇದೆ ಕೂಡ. ಆದರೂ ಆ ಜುಲೈನಲ್ಲಿ ಗಾಡಿ ಎಲ್ಲಿ ನಿಂತಿತ್ತು ಎಂದು ಸಹಜವಾಗಿ ಕೇಳಿ. ಮುಳುಗಿದ ಗಾಡಿಯನ್ನು ಎಷ್ಟು ತೊಳೆದರೂ ಕೆಲವು ಜಾಗ ತೊಳೆಯಲಾಗುವುದಿಲ್ಲ. ಚಾಲಕನ ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ, ಎಂದೂ ಹೊರಬರದ ಆ ಕೊನೆಯ ಗೇಣಿನಲ್ಲಿ ಕೆಸರಿನ ಗೆರೆ ಇದೆಯೇ ನೋಡಿ. ಸೀಟಿನ ಕಂಬಿಯ ತುಕ್ಕು, ಜಾಕ್ ಇಡುವ ಗೂಡಿನ ಮೂಲೆಯ ಸಣ್ಣ ಮಣ್ಣು, ಫ್ಯೂಸ್ ಡಬ್ಬಿಯೊಳಗಿನ ಹಸಿರು ಕಿಲುಬು, ಇವೂ ಅದೇ ಕತೆ ಹೇಳುತ್ತವೆ.

ಇನ್ಶೂರೆನ್ಸ್ ಕಾಗದವೂ ಬಾಯಿ ಬಿಡುತ್ತದೆ. ಕ್ಲೇಮ್ ಮಾಡದೆ ಐದು ವರ್ಷ ಕಳೆದವರಿಗೆ ನೋ ಕ್ಲೇಮ್ ಬೋನಸ್ (ಪ್ರೀಮಿಯಮ್ಮಿನಲ್ಲಿ ಸಿಗುವ ರಿಯಾಯಿತಿ) 50 ಪ್ರತಿಶತಕ್ಕೆ ಮುಟ್ಟುತ್ತದೆ. ಒಂದು ಕ್ಲೇಮ್ ಆದರೆ ಸೊನ್ನೆಗೆ ಇಳಿದು, ಮುಂದಿನ ವರ್ಷ ಮತ್ತೆ 20ರಿಂದ ಶುರು. ಏಳು ವರ್ಷ ಒಬ್ಬರೇ ಮಾಲೀಕರು, ಏನೂ ಆಗಿಲ್ಲ ಎನ್ನುವವರ ಪಾಲಿಸಿಯಲ್ಲಿ ಸೊನ್ನೆಯೋ 20ಓ ಇದ್ದರೆ ‘ಯಾಕೆ ಸಾರ್’ ಎಂದು ಕೇಳಿ. ಆ ಬೋನಸ್ ಗಾಡಿಯದ್ದಲ್ಲ, ಮಾಲೀಕರದ್ದು. ಹಳೆಯ ಕಾರಿನದನ್ನು ಇದಕ್ಕೆ ತಂದಿರಲೂಬಹುದು. ಹಾಗಾಗಿ 50 ಇದೆ ಎಂದು ನಿಶ್ಚಿಂತರಾಗಬೇಡಿ.

ಗಾಡಿಯ ಕೆಳಗೆ ಮೆಕ್ಯಾನಿಕ್ ಮಲಗಲಿ. ಉಪ್ಪುಗಾಳಿಗೆ ಛಾಸಿಯ, ಅಂದರೆ ಗಾಡಿಯ ತಳದ ಉಕ್ಕಿನ ಚೌಕಟ್ಟಿನ, ಮೇಲ್ಮೈ ತುಕ್ಕು ಹಿಡಿಯುವುದು ಸಹಜ, ತಂತಿ ಬ್ರಷ್ಷಿಗೆ ಹೋಗುವಂಥದ್ದು ಪರವಾಗಿಲ್ಲ. ಸಣ್ಣ ಸುತ್ತಿಗೆಯಲ್ಲಿ ತಟ್ಟಿದಾಗ ಪದರ ಪದರವಾಗಿ ಉದುರಿದರೆ, ಅದೂ ಲೀಫ್ ಸ್ಪ್ರಿಂಗ್ ಕಟ್ಟಿದ ಜಾಗದಲ್ಲಿ, ಅದು ಬೇರೆ ಮಾತು. ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಒಳಗಿನ ವಿನೈಲಿಗೆ ಕೇಳಿದ ಪ್ರಶ್ನೆಯನ್ನೇ ಇಲ್ಲೂ ಕೇಳಿ. ಇಲ್ಲಿನ ಗ್ಯಾರೇಜಿನವರು ‘ಪಾಟಾ’ ಎನ್ನುವ ಸ್ಪ್ರಿಂಗ್ ಪಟ್ಟಿಗಳಲ್ಲಿ ಒಂದೆರಡು ಹೊಸದಾಗಿ ಸೇರಿಸಿದ್ದರೆ ಗಾಡಿ ಭಾರ ತಾಳುತ್ತಿಲ್ಲ ಎಂದರ್ಥ. 100 ಲೀಟರ್ ನೀರು ಅಂದರೆ 100 ಕಿಲೋ, ದೊಡ್ಡ ಟ್ಯೂಬ್ಯುಲರ್ ಬ್ಯಾಟರಿ ಒಂದೊಂದೂ 50 ಕಿಲೋ ಮೀರುತ್ತದೆ, ಮೇಲೆ ಮಂಚ, ಕಪಾಟು, ಎಸಿ. ಟ್ಯಾಂಕ್ ತುಂಬಿಸಿ ಹತ್ತಿರದ ವೇಬ್ರಿಡ್ಜಿಗೆ ಒಯ್ದು ತೂಗಿಸಿ, ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಇರುವ ಒಟ್ಟು ತೂಕದ ಜತೆ ಹೋಲಿಸಿ. ನೀವಿಬ್ಬರು, ಬಟ್ಟೆ-ಬರೆ, ಅಕ್ಕಿ-ಬೇಳೆ ಹತ್ತಿದ ಮೇಲೂ ಅದರೊಳಗೇ ಇರಬೇಕು.

ಟೈರಿನ ಗೋಡೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಕಡಿಮೆ ಓಡಿದ ಗಾಡಿಯಲ್ಲಿ ಟೈರಿನ ಗೆರೆಗಳು ಹೊಸದರಂತೆ ಇದ್ದು ರಬ್ಬರು ಮುದಿಯಾಗಿರುತ್ತದೆ, ಅಂಥದ್ದಾದರೆ ಅಷ್ಟೂ ಟೈರಿನ ಬೆಲೆಯನ್ನು ಚೌಕಾಸಿಯಲ್ಲಿ ಕಳೆಯಿರಿ. ಇಂಜಿನ್ ತಣ್ಣಗಿದ್ದಾಗಲೇ ನಿಮ್ಮ ಕೈಯಾರೆ ಸ್ಟಾರ್ಟ್ ಮಾಡಿ. ನೀವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಸಂಜೆ ಮತ್ತೆ ಬರುತ್ತೇವೆ ಅನ್ನಿ. ಉಳಿದದ್ದು ನಿಮ್ಮ ಮೆಕ್ಯಾನಿಕ್‌ಗೆ ಗೊತ್ತು.

ಗ್ಯಾಸಿನ ವಿಷಯದಲ್ಲಿ ಮಾತ್ರ ಉದಾರ ಮನಸ್ಸು ಬೇಡ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಕೂರುತ್ತದೆ. ಸಿಲಿಂಡರ್ ಗೂಡಿನ ತಳದಲ್ಲಿ ಹೊರಕ್ಕೆ ತೆರೆದ ಕಿಂಡಿ ಇರಲೇಬೇಕು. ಚಳಿಗೋ ಜಿರಳೆಗೋ ಹೆದರಿ ಅದಕ್ಕೆ ಬಟ್ಟೆ ತುರುಕಿದವರನ್ನು ನೋಡಿದ್ದೇನೆ. ಕೊಳವೆಯ ಮೇಲೆ ಅಚ್ಚಾದ ಅವಧಿ ನೋಡಿ, ಕೀಲುಗಳಿಗೆ ಸೋಪುನೀರು ಹಚ್ಚಿ ಗುಳ್ಳೆ ನೋಡಿ. ಕರೆಂಟಿನಲ್ಲಿ ಎಸಿಯನ್ನೋ ಇಂಡಕ್ಷನ್ ಒಲೆಯನ್ನೋ ಅರ್ಧ ಗಂಟೆ ಓಡಿಸಿ ವೈರು ಮುಟ್ಟಿ ನೋಡಿ, ಬಿಸಿಯಾಗಬಾರದು.

ಕಾಗದಪತ್ರ ಸ್ವಲ್ಪದರಲ್ಲಿ ಹೇಳುತ್ತೇನೆ, ಆದರೆ ಇದೊಂದೇ ಕಾರಣಕ್ಕೆ ವ್ಯವಹಾರ ಬಿಡಬೇಕಾದೀತು. ಆರ್‌ಸಿಯಲ್ಲಿ ವಾಹನದ ವರ್ಗ ಏನಿದೆ? ಮೋಟರ್ ಕ್ಯಾರವಾನ್ ಅಥವಾ ಕ್ಯಾಂಪರ್ ವ್ಯಾನ್ ಎಂದಿರಬೇಕು. ಪ್ಯಾಸೆಂಜರ್ ಗಾಡಿ ಎಂದೇ ಉಳಿದು ಒಳಗೆ ಮಂಚ-ಅಡುಗೆಮನೆ ಕಟ್ಟಿದ್ದರೆ ಅದು ಗಾಡಿಯನ್ನು ಮನಬಂದಂತೆ ಮಾರ್ಪಡಿಸುವುದನ್ನು ತಡೆಯುವ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿಗೆ ಸಿಕ್ಕುವ ಬದಲಾವಣೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ಸೆಕ್ಷನ್ನಿನ ಬಗ್ಗೆ ಕಟ್ಟುನಿಟ್ಟಾಗಿ ಹೇಳಿದೆ. ನಾಳೆ ಅಪಘಾತವಾದರೆ ಇನ್ಶೂರೆನ್ಸಿನವರು ಮೊದಲು ಹಿಡಿಯುವ ಎಳೆ ಅದೇ. ಗೋವಾದಲ್ಲಿ ಇಟ್ಟುಕೊಂಡು ಬಾಡಿಗೆಗೆ ಬಿಟ್ಟಿದ್ದರೇ ಎಂಬುದನ್ನೂ ಕೇಳಿ. ಬಾಡಿಗೆಗೆ ಕೊಟ್ಟ ಮನೆಯಂತೆಯೇ, ಬಾಡಿಗೆ ಗಾಡಿಯ ಕಪಾಟಿನ ಕೀಲು, ಶೌಚದ ಮುಚ್ಚಳ ನೋಡಿದರೆ ತಿಳಿಯುತ್ತದೆ. ನಂಬರ್ ಮಹಾರಾಷ್ಟ್ರದ್ದೇ ಆದ್ದರಿಂದ ಬೇರೆ ರಾಜ್ಯದ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ), ಮತ್ತೆ ತೆರಿಗೆ ಎಂಬ ತಲೆನೋವು ನಿಮಗಿಲ್ಲ. ಹೆಸರು ಬದಲಿಸಲು ಫಾರಂ 29, 30 ಸಾಕು, ಸಾಲ ಇದ್ದಿದ್ದರೆ ಅದು ತೀರಿತೆಂದು ಬ್ಯಾಂಕಿನಿಂದ ಫಾರಂ 35.

ಏನು ಕಂಡರೆ ಒಪ್ಪಬಹುದು? ಹಳೆಯ ಬ್ಯಾಟರಿ, ಮುದಿ ಟೈರು, ಸತ್ತ ಪಂಪು, ಹರಿದ ಸೀಟು, ಒಣಗಿದ ಸೀಲಂಟು, ಎಲ್ಲಕ್ಕೂ ಬೆಲೆ ಕಟ್ಟಿ ಕಳೆಯಬಹುದು. ಒಂದು ಕಿಟಕಿಯ ಕೆಳಗೆ ಒಂದಡಿ ಕೊಳೆತಿದ್ದರೂ ಬಾಡಿ ಕಟ್ಟುವವರಿಂದ ಬರವಣಿಗೆಯಲ್ಲಿ ಅಂದಾಜು ಪಡೆದು, ಅದನ್ನು ಒಂದೂವರೆ ಪಟ್ಟು ಮಾಡಿ ಚೌಕಾಸಿಗೆ ಕೂರಿ. ಬಿಚ್ಚಿದಾಗ ಹೊರಗೆ ಕಂಡದ್ದಕ್ಕಿಂತ ಕಡಿಮೆ ಕೊಳೆತದ್ದನ್ನು ನಾನು ಈವರೆಗೆ ಕಂಡಿಲ್ಲ. ಚಾಲಕನ ತಲೆಯ ಮೇಲಿನ ಭಾಗದ ಚೌಕಟ್ಟು ಹೋಗಿದ್ದರೆ, ಛಾಸಿಗೆ ವೆಲ್ಡಿಂಗ್ ಬಿದ್ದಿದ್ದರೆ, ಆರ್‌ಸಿ ಹೊಂದದಿದ್ದರೆ ಮಾಪುಸಾ ಮಾರ್ಕೆಟ್ಟಿನಲ್ಲಿ ಗೋಡಂಬಿ ಕೊಂಡು ಮನೆಗೆ ಬನ್ನಿ.

ಟೋಕನ್ ಕೊಡುವುದಾದರೆ ಪೈಪಿನ ನೀರು ಬಿಟ್ಟು ನೋಡಿದ ಮೇಲೆ. ಮೊದಲೇ ಕೊಡಲೇಬೇಕೆಂದು ಪಟ್ಟು ಹಿಡಿದರೆ ಐದು ಸಾವಿರಕ್ಕೆ ನಿಲ್ಲಿಸಿ, ‘ತಪಾಸಣೆಯಲ್ಲಿ ಸೋರಿಕೆ, ಕೊಳೆತ ಅಥವಾ ಆರ್‌ಸಿ ವ್ಯತ್ಯಾಸ ಕಂಡರೆ ಪೂರ್ತಿ ಹಿಂದಿರುಗಿಸುತ್ತೇನೆ’ ಎಂಬ ಒಂದು ಸಾಲು ವಾಟ್ಸ್‌ಆ್ಯಪ್‌ನಲ್ಲಾದರೂ ಬರೆಸಿಕೊಳ್ಳಿ. ಬ್ಯಾಂಕಿನಿಂದಲೇ ಕಳಿಸಿ, ನಗದು ಬೇಡ.